ಬೈಕಿನ ಉಸಿರು

ಪರಿಸರದ ಪತ್ರಿಕೆಗೆ ಬೈಕಿನ ಗೊಡವೆಯೇಕೆಂದು ಹಿರಿಯ ಓದುಗರು ಕೇಳಬಹುದು. ಬಸ್ಸು ಅಪರೂಪವಾದ ಮಲೆನಾಡಿನ ಊರುಗಳಲ್ಲಿ ಹಾಲು ಡೇರಿ ಸೇರುವುದೂ ರೋಗಿ ಆಸ್ಪತ್ರೆ ಮುಟ್ಟುವುದೂ ಬಹುಮಟ್ಟಿಗೆ ಅದರ ಮೇಲೆಯೇ. ಬೈಕು ಬೇಡವೆನ್ನುವ ಅಧಿಕಾರ ನಮಗಿಲ್ಲ. ಅದು ಹೇಗೆ ಉಸಿರಾಡುತ್ತಿದೆಯೆಂದು ಕೇಳಬಹುದಷ್ಟೆ.

ಏರಿನಲ್ಲಿ ಗಾಡಿ ಎಳೆಯುತ್ತಿಲ್ಲವೆಂದು ಏರ್ ಫಿಲ್ಟರಿನ ಡಬ್ಬಿಗೆ ತೂತು ಕೊರೆಯುವ, ಇಲ್ಲವೇ ಡಬ್ಬಿಯನ್ನೇ ಕಿತ್ತು ಕಾರ್ಬ್ಯುರೇಟರಿನ ಬಾಯಿಗೆ ಅಗ್ಗದ ಶಂಕುವಿನಾಕಾರದ ಫಿಲ್ಟರ್ ಸಿಕ್ಕಿಸುವ ಚಾಳಿ ನಮ್ಮ ಯುವಕರಲ್ಲಿದೆ. ಆಗ ಸದ್ದು ಜೋರಾಗುತ್ತದೆ, ನಿಜ. ಸದ್ದನ್ನೇ ಶಕ್ತಿಯೆಂದು ನಂಬುವ ವಯಸ್ಸು ಅದು.

ಒಂದು ತೂಕ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಅದರ ಸಾಂದ್ರತೆ ಮಂಗಳೂರಿನ ಕಡಲತೀರಕ್ಕಿಂತ ಆರನೆಯ ಒಂದು ಪಾಲಿನಷ್ಟು ಕಡಿಮೆ. ಬಯಲಿಗೆ ಹೊಂದಿಸಿದ ಕಾರ್ಬ್ಯುರೇಟರು ಅಲ್ಲಿ ಪೆಟ್ರೋಲನ್ನು ಹೆಚ್ಚಾಗಿ ಉಣಿಸಿ ಕರಿಹೊಗೆ ಉಗುಳುತ್ತದೆ. ಆದರೆ ನಾವು ವಾಸಿಸುವುದು ಗಿರಿಯ ನೆತ್ತಿಯಲ್ಲಲ್ಲ. ನಮ್ಮ ಬೈಕುಗಳು ಮುಗ್ಗರಿಸುವುದಕ್ಕೆ ಎತ್ತರಕ್ಕಿಂತ ಕೊಳೆಯೇ ಹೆಚ್ಚಿನ ಕಾರಣ.

ಮೊದಲು ಡಬ್ಬಿಯ ಮುಚ್ಚಳ ತೆರೆದು ನೋಡಿ. ಬೇಸಿಗೆಯ ಕೆಂಧೂಳು, ಮಳೆಗಾಲದ ತೇವ, ಕೆಲವೊಮ್ಮೆ ಅಡಿಕೆ ಸಿಪ್ಪೆ ತಂದು ಇಲಿ ಕಟ್ಟಿದ ಗೂಡು! ಸ್ಪಂಜಿನ ಫಿಲ್ಟರಾದರೆ ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ತುಸು ಎಣ್ಣೆ ಹಚ್ಚಿ ಹಿಂಡಿ ಹಾಕಬೇಕು. ಕಾಗದದ್ದನ್ನು ತೊಳೆಯಬಾರದು, ಮೆಲ್ಲನೆ ತಟ್ಟಿ, ಒಳಗಿನಿಂದ ಹೊರಗೆ ಹಗುರಾಗಿ ಗಾಳಿ ಊದಿಸಬೇಕು. ಕಪ್ಪಿಟ್ಟಿದ್ದರೆ ಬದಲಿಸುವುದೇ ಸರಿ. ಫಿಲ್ಟರ್ ಶುಚಿಯಾದ ಮೇಲೂ ಇಂಜಿನ್ನು ತಾನಾಗಿ ಏರಿಳಿದರೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರು ಪಟಪಟ ಸಿಡಿದರೆ, ಕಾರ್ಬ್ಯುರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರು ಬಿರಿದಿದೆಯೇ ಪರೀಕ್ಷಿಸಿ. ಪ್ಲಗ್ಗಿನ ತುದಿಯೂ ಸುಳಿವು ನೀಡುತ್ತದೆ: ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬಿಳಿಚಿದ್ದರೆ ಗಾಳಿ ಹೆಚ್ಚು.

ಇಷ್ಟನ್ನೂ ಬಿಟ್ಟು ಡಬ್ಬಿ ಕಿತ್ತರೆ, ಜೆಟ್ ಬದಲಿಸದ ಹೊರತು ಗಾಳಿ ಮಿತಿಮೀರಿ ಇಂಜಿನ್ನು ಕಾಯುತ್ತದೆ. ಸೋಸದೆ ಒಳಹೊಕ್ಕ ಮರಳಿನ ಕಣ ಸಿಲಿಂಡರನ್ನೂ ಪಿಸ್ಟನ್ನಿನ ಉಂಗುರಗಳನ್ನೂ ಉಜ್ಜಿ ಸವೆಸುತ್ತದೆ. ಎಣ್ಣೆ ಉರಿದು ನೀಲಿಹೊಗೆ ಏಳುತ್ತದೆ. ಸಾಲ ಮಾಡಿ ಕೊಂಡ ಗಾಡಿಗೆ ಸಾಲ ತೀರುವ ಮೊದಲೇ ಬೋರು ಮಾಡಿಸುವ ಗತಿ. ಆ ಹೊಗೆ ಕುಡಿಯುವವರು ಹಿಂದೆ ಕುಳಿತವರು, ದಾರಿಬದಿ ನಡೆಯುವ ಶಾಲೆಯ ಮಕ್ಕಳು. ಗಾಳಿ ಸೆಳೆಯುವ ಮೊರೆತವನ್ನು ಅಡಗಿಸುವುದೂ ಆ ಡಬ್ಬಿಯ ಕೆಲಸವೇ ಎಂಬುದನ್ನು ಇರುಳಿನಲ್ಲಿ ಘಾಟಿ ಏರುವವರು ಮರೆಯುತ್ತಾರೆ.

2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ಜಾರಿಯಾದ ಬಳಿಕ ಬಂದ ಬಹುತೇಕ ಬೈಕುಗಳಲ್ಲಿ ಕಾರ್ಬ್ಯುರೇಟರೇ ಇಲ್ಲ. ಸೆನ್ಸರುಗಳು ಗಾಳಿಯನ್ನು ಅಳೆದು, ಎತ್ತರಕ್ಕೂ ತಕ್ಕಂತೆ ಪೆಟ್ರೋಲನ್ನು ತಾವೇ ಹೊಂದಿಸುತ್ತವೆ. ಅಲ್ಲಿ ಕೈಯಾಡಿಸುವುದು ಇನ್ನೂ ದುಬಾರಿ.

ಕಾಲೇಜಿನ ಪರಿಸರ ಸಂಘಗಳು ಈ ಬೇಸಿಗೆಗೆ ಮುನ್ನ ಒಂದು ಭಾನುವಾರ ಊರಿನ ಬೈಕುಗಳ ಫಿಲ್ಟರ್ ಶುಚಿಗೊಳಿಸುವ ಕೆಲಸ ಕೈಗೊಳ್ಳಲಿ. ಸ್ಪಂಜು ತೊಳೆದ ಎಣ್ಣೆ ನೀರನ್ನು ಮಾತ್ರ ಹಳ್ಳಕ್ಕೆ ಬಿಡಬೇಡಿ.