ಚಿತ್ರ ಮುಗಿದ ಮೇಲಿನ ಪಾಠ

ಕಾಲೇಜಿನಲ್ಲಿ ಸಿನಿಮಾ ತೋರಿಸುವುದು ಹೊಸತಲ್ಲ. ದೀಪ ಹತ್ತಿದ ಕೂಡಲೇ ಅಧ್ಯಾಪಕರು ಕೇಳುವ ಪ್ರಶ್ನೆಯೂ ಹಳೆಯದೇ: ‘ಇದರ ಸಂದೇಶವೇನು?’ ವಿದ್ಯಾರ್ಥಿಗಳು ನಾಲ್ಕು ಸಾಲು ಬರೆದು ಕೊಡುತ್ತಾರೆ. ನೋಡುವಾಗ ಎದ್ದ ತಳಮಳ ಅಲ್ಲಿಗೇ ಅಡಗುತ್ತದೆ. ತನ್ನ ಮತ್ತು ಪರರ ಭಾವನೆಗಳನ್ನು ಗುರುತಿಸಿ, ಅರಿತು ನಡೆಯುವ ಶಕ್ತಿಯನ್ನು ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿಮತ್ತೆ ಎಂದು ವಿವರಿಸಿದರು. ಅದು ಬೆಳೆಯಬೇಕಾದರೆ ಮೊದಲು ಮಾತಾಡಬೇಕಾದದ್ದು ಆ ತಳಮಳದ ಬಗ್ಗೆ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನೋಡಿ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ವಿಧವೆ ಯಮುನಾ ಬಸಿರಾಗುತ್ತಾಳೆ. ಹೆತ್ತ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಅವಳನ್ನು ಕುಲದಿಂದ ಹೊರಗಿಡುತ್ತಾನೆ. ಇದನ್ನೆಲ್ಲ ನಾವು ನೋಡುವುದು ಅವರ ಮನೆಗೆ ವೇದ ಕಲಿಯಲು ಬಂದ ಪುಟ್ಟ ನಾಣಿಯ ಜೊತೆಗೆ. ಅವನಿಗೆ ಯಮುನಕ್ಕನೆಂದರೆ ಪ್ರೀತಿ. ಆದರೆ ನಡೆಯುತ್ತಿರುವುದು ಪೂರ್ತಿ ತಿಳಿಯದು, ತಡೆಯುವ ಬಲವೂ ಇಲ್ಲ. ಅಪ್ಪನ ಜೊತೆ ಊರು ಬಿಡುವಾಗ, ತಲೆ ಬೋಳಿಸಲ್ಪಟ್ಟು ಮರದಡಿ ಕೂತ ಅವಳು ಅವನ ಕಣ್ಣಿಗೆ ಬೀಳುತ್ತಾಳೆ. ಆಗ ನಮ್ಮೊಳಗೆ ಕರುಣೆಯ ಜೊತೆಗೆ ಸಿಟ್ಟು, ನಾಚಿಕೆ, ಅಸಹಾಯಕತೆ ಎಲ್ಲ ಕಲಸಿಹೋಗುತ್ತವೆ. ಇವನ್ನು ಬಿಡಿಸಿ ಹೇಳಲು ಕಲಿತ ವಿದ್ಯಾರ್ಥಿನಿ ನಾಳೆ ಹಾಸ್ಟೆಲಿನ ಜಗಳದಲ್ಲಿ ತನ್ನ ಸಿಟ್ಟಿನ ಹಿಂದಿನ ಅವಮಾನವನ್ನೂ ಗುರುತಿಸಬಲ್ಲಳು.

ಇಂಥ ನೋಟದ ಅಭ್ಯಾಸ ನಮ್ಮ ನಾಡಿನಲ್ಲಿ ಆಗಲೇ ನಡೆದಿದೆ. ಕೆ.ವಿ. ಸುಬ್ಬಣ್ಣನವರ ನೀನಾಸಮ್ ಸಂಸ್ಥೆ ಹೆಗ್ಗೋಡಿನಂಥ ಹಳ್ಳಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ಅದರ ರಸಗ್ರಹಣ ಶಿಬಿರಗಳಲ್ಲಿ ನೋಡುವುದರಷ್ಟೇ ಬೆಲೆ ಚರ್ಚೆಗೂ ಇತ್ತು.

ನಮ್ಮ ಅಧ್ಯಾಪಕರಲ್ಲಿ ವಿನಂತಿ ಇಷ್ಟೆ: ಚಿತ್ರಕ್ಕೆ ಕೊಟ್ಟಷ್ಟೇ ಹೊತ್ತನ್ನು ಮಾತಿಗೂ ಕೊಡಿ. ಯಾವ ದೃಶ್ಯದಲ್ಲಿ ಮುಖ ತಿರುಗಿಸಬೇಕೆನಿಸಿತು? ಯಮುನಾಳ ತಂದೆಯ ಮೇಲೆ ಸಿಟ್ಟು ಬಂತೇ? ಆತನನ್ನು ಕಾಡಿದ ಭಯ ಯಾವುದು? ಒಬ್ಬರಿಗೆ ಅಳು ತಂದ ದೃಶ್ಯ ಇನ್ನೊಬ್ಬರನ್ನು ತಟ್ಟಲಿಲ್ಲವೇಕೆ? ಈ ಉತ್ತರಗಳಿಗೆ ಅಂಕ ಕೊಡಬೇಡಿ. ಅಂಕವಿದ್ದಲ್ಲಿ ಮಕ್ಕಳು ತಮಗೆ ಅನಿಸಿದ್ದನ್ನು ಬಿಟ್ಟು ನಮಗೆ ಹಿತವಾದದ್ದನ್ನು ಹೇಳುತ್ತಾರೆ. ಚಿತ್ರದ ನೋವು ಕೆಲವರ ಮನೆಯ ನೋವೂ ಆಗಿರಬಹುದು. ಕಥೆಯೇನೆಂದು ಮೊದಲೇ ತಿಳಿಸಿ, ಸುಮ್ಮನಿರಬಯಸುವವರನ್ನು ಒತ್ತಾಯಿಸಬೇಡಿ.

ಒಂದು ಸೆಮಿಸ್ಟರಿಗೆ ಹತ್ತು ಚಿತ್ರ ಬೇಕಿಲ್ಲ. ಒಂದೇ ಚಿತ್ರವನ್ನು ಹೀಗೆ ನೋಡಿದರೂ ಸಾಕು, ಇನ್ನೊಬ್ಬರ ಸಂಕಟದ ಮುಂದೆ ತೀರ್ಪು ಕೊಡುವ ಮೊದಲು ಕೇಳಿಸಿಕೊಳ್ಳುವ ಗುಣ ತರಗತಿಯಲ್ಲಿ ಬೇರೂರುತ್ತದೆ. ಪದವಿಯ ಜೊತೆ ವಿಶ್ವವಿದ್ಯಾಲಯ ಈ ಗುಣವನ್ನೂ ಕೊಡಬೇಕು.

— ಸಂಪಾದಕ