ಗೌರವಧನ ಸಾಕು, ಸಂಬಳ ಕೊಡಿ

ಮುಂಬಯಿಗೆ ಬಂದು ಮೂವತ್ತು ವರ್ಷವಾಯ್ತು. ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನ ಅಂಗನವಾಡಿ ಬಾಯಿ ಮಕ್ಕಳನ್ನು ತೂಗುತ್ತಾರೆ, ಖಿಚಡಿ ಬಡಿಸುತ್ತಾರೆ, ರಿಜಿಸ್ಟರ್ ತುಂಬುತ್ತಾರೆ, ಪೋಲಿಯೋ ಹನಿಗೆ ಮನೆಮನೆ ಅಲೆಯುತ್ತಾರೆ. ಈಗ ಪಾಠವನ್ನೂ ಮಾಡಬೇಕಂತೆ!

ಮೆದುಳಿನ ಶೇ. 85ಕ್ಕೂ ಹೆಚ್ಚು ಬೆಳವಣಿಗೆ ಆರು ವರ್ಷದೊಳಗೇ ಆಗುತ್ತೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಬರೆದಿದೆ. ಸರಿ ಸ್ವಾಮಿ, ಆ ಮೆದುಳನ್ನು ಕಾಯುವವರಿಗೆ ಕೇಂದ್ರ 2018ರಲ್ಲಿ ಗೊತ್ತುಮಾಡಿದ್ದೆಷ್ಟು? ತಿಂಗಳಿಗೆ 4,500 ರೂಪಾಯಿ! ರಾಜ್ಯ ಮೇಲೊಂದಿಷ್ಟು ಸೇರಿಸುತ್ತೆ, ನಿಜ. ಆದರೂ ಅದು ಸಂಬಳವಲ್ಲ, 'ಗೌರವಧನ'. ಅದಕ್ಕಿಂತ ಹೆಚ್ಚು ಫೀಸು ನಾವು ಮೊಮ್ಮಗನ ಪ್ಲೇಸ್ಕೂಲಿಗೆ ಕಟ್ತೀವಿ...

2009ರ ಶಿಕ್ಷಣ ಹಕ್ಕು ಕಾಯ್ದೆ ಶುರುವಾಗೋದೂ ಆರು ವರ್ಷದಿಂದಲೇ. ಮೂರು ವರ್ಷದ ಮಗುವಿಗೆ ನೀತಿ ಇದೆ, ಹಕ್ಕಿಲ್ಲ. ಬಾಯಿಗೆ ಕೆಲಸ ಇದೆ, ಸಂಬಳ ಇಲ್ಲ. ಮೊದಲು ಇವೆರಡನ್ನು ಕೊಡಿ, ಆಮೇಲೆ ಸುಧಾರಣೆ ಅನ್ನಿ. ಏನಂತೀರಿ?