ಹೃದಯದ ರಂಧ್ರ ಮುಚ್ಚಿದ ಮೇಲೆ ಎಲ್ಲ ಮುಗಿಯಿತೇ? ಮೀನು, ಆಟ, ಮದುವೆ ಕುರಿತ ಮಾತುಗಳಲ್ಲಿ ನಿಜವೆಷ್ಟು?

ಮಗುವಿನ ಹೃದಯದಲ್ಲಿ ರಂಧ್ರ ಇದೆ ಎಂದು ಗೊತ್ತಾದಾಗ ಮನೆಯವರ ಗಮನವೆಲ್ಲ ಆಪರೇಷನ್ ಮೇಲೆಯೇ ಇರುತ್ತದೆ. ಅದು ಮುಗಿದು ಮಗು ಮನೆಗೆ ಬಂದ ಮೇಲೆ ಸಲಹೆಗಳ ಸಾಲು ಶುರು. ಸಂತೆಕಟ್ಟೆ ಇರಲಿ, ಕಾಪು, ಕಾರ್ಕಳ ಇರಲಿ, ಮಾತುಗಳು ಹೆಚ್ಚುಕಡಿಮೆ ಒಂದೇ: 'ಮೀನು ಕೊಡಬೇಡಿ, ನಂಜು', 'ಓಡಲು ಬಿಡಬೇಡಿ', 'ಹೆಣ್ಣುಮಗು, ಯಾರಿಗೂ ಹೇಳಬೇಡಿ'. ಇನ್ನೊಂದು ಕಡೆಯಿಂದ 'ರಂಧ್ರ ಮುಚ್ಚಿದೆಯಲ್ಲ, ಇನ್ನು ಆಸ್ಪತ್ರೆಗೆ ಯಾಕೆ?' ಎಂಬ ಮಾತೂ ಬರುತ್ತದೆ. ಇವೆಲ್ಲ ಫಾರ್ವರ್ಡ್ ಆಗಿ ಫೋನಿನಿಂದ ಫೋನಿಗೆ ಹೋಗುತ್ತವೆ.

ಚುಟುಕಾಗಿ ಹೇಳುವುದಾದರೆ: ಸಾಮಾನ್ಯ ರಂಧ್ರ ಸರಿಯಾಗಿ ಮುಚ್ಚಿದ ಹೆಚ್ಚಿನ ಮಕ್ಕಳು ಎಲ್ಲರಂತೆ ಬೆಳೆಯುತ್ತಾರೆ. ಅವರನ್ನು ಜೀವನಪೂರ್ತಿ ರೋಗಿಯಂತೆ ನೋಡುವುದು ತಪ್ಪು. ತಪಾಸಣೆ ನಿಲ್ಲಿಸುವುದೂ ಅಷ್ಟೇ ತಪ್ಪು.

ಈ ತೊಂದರೆ ಯಾಕೆ ಬರುತ್ತದೆ?

ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8 ಮಕ್ಕಳಿಗೆ ಹೃದಯದ ರಚನೆಯಲ್ಲಿ ದೋಷ ಇರುತ್ತದೆ. ಹೃದಯದ ಮೇಲಿನ ಅಥವಾ ಕೆಳಗಿನ ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ ಉಳಿಯುವುದು ಇವುಗಳಲ್ಲಿ ಸಾಮಾನ್ಯ. ಗರ್ಭಿಣಿ ಗ್ರಹಣ ನೋಡಿದ್ದರಿಂದ ಹೀಗಾಯಿತು ಎನ್ನುವುದಕ್ಕೆ ಆಧಾರವಿಲ್ಲ. ಹೃದಯದ ರಚನೆ ಗರ್ಭದ ಮೊದಲ ಎಂಟು ವಾರಗಳಲ್ಲೇ ಬಹುಪಾಲು ಮುಗಿದಿರುತ್ತದೆ. ವಂಶವಾಹಿ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ರುಬೆಲ್ಲಾ ಸೋಂಕು, ಕೆಲವು ಔಷಧಗಳು ಕಾರಣವಾಗಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಆದ್ದರಿಂದ ತಾಯಿಯನ್ನು ದೂರುವುದು ಅನ್ಯಾಯ.

ಗುಣವಾಗಲು ಎಷ್ಟು ದಿನ ಬೇಕು?

ರಂಧ್ರ ಮುಚ್ಚಲು ಎರಡು ದಾರಿಗಳಿವೆ. ಒಂದು, ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ಕೊಳವೆ ಕಳಿಸಿ ಕೊಡೆಯಂತೆ ಬಿಚ್ಚಿಕೊಳ್ಳುವ ಡಿವೈಸ್ ಕೂರಿಸುವುದು. ಇದರಲ್ಲಿ ಒಂದೆರಡು ದಿನಗಳಲ್ಲೇ ಮನೆಗೆ ಕಳಿಸುವುದುಂಟು. ಆದರೆ ಡಿವೈಸ್ ಮೇಲೆ ಹೃದಯದ ಒಳಪದರ ಬೆಳೆಯಲು 3ರಿಂದ 6 ತಿಂಗಳು ಬೇಕು. ಅದಕ್ಕೇ ಸಾಮಾನ್ಯವಾಗಿ 6 ತಿಂಗಳವರೆಗೆ ಆಸ್ಪಿರಿನ್ ಕೊಡುತ್ತಾರೆ. 'ಮಗು ಚೆನ್ನಾಗಿದೆಯಲ್ಲ' ಎಂದು ಮಾತ್ರೆ ನಿಲ್ಲಿಸಿದರೆ ಡಿವೈಸ್ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಡಿವೈಸ್ ಒಳಗೆ ತುಕ್ಕು ಹಿಡಿಯುತ್ತದೆ ಎನ್ನುವುದೂ ಸುಳ್ಳು. ಅದು ನಿಕಲ್-ಟೈಟಾನಿಯಂ ಮಿಶ್ರಲೋಹ. ಎಂಆರ್‌ಐ ಮಾಡಿಸುವಾಗ ಡಿವೈಸ್ ಇದೆ ಎಂದು ಮೊದಲೇ ತಿಳಿಸಿದರೆ ಸಾಕು.

ಇನ್ನೊಂದು ದಾರಿ, ಎದೆ ತೆರೆದು ಮಾಡುವ ಆಪರೇಷನ್. ಮಕ್ಕಳಲ್ಲಿ ಎದೆಮೂಳೆ ಕೂಡಲು ಸುಮಾರು 6ರಿಂದ 8 ವಾರ, ದೊಡ್ಡವರಿಗೆ 12 ವಾರದವರೆಗೂ ಬೇಕು. ಅಲ್ಲಿಯವರೆಗೆ ಮಗುವನ್ನು ತೋಳು ಹಿಡಿದು ಎತ್ತಬಾರದು. ಒಂದು ಕೈ ಕುತ್ತಿಗೆ-ಭುಜದ ಕೆಳಗೆ, ಇನ್ನೊಂದು ಕೈ ಕುಂಡಿಯ ಕೆಳಗೆ ಕೊಟ್ಟು ಎತ್ತಬೇಕು. ಅಜ್ಜ-ಅಜ್ಜಿಗೂ ಇದನ್ನು ಹೇಳಿಕೊಡಿ.

'ಮೀನು ನಂಜು, ಗಾಯ ಒಣಗುವುದಿಲ್ಲ'

ಕರಾವಳಿಯಲ್ಲಿ ಹೆಚ್ಚು ಕೇಳುವ ಮಾತಿದು. ಬಂಗುಡೆ, ಬೂತಾಯಿ, ಸಿಗಡಿ, ಬದನೆ ಎಲ್ಲ ನಂಜು ಎಂದು ತಿಂಗಳುಗಟ್ಟಲೆ ಬರೀ ಗಂಜಿ ಕೊಡುವ ಮನೆಗಳಿವೆ. ಗಾಯ ಕೂಡಲು ಪ್ರೋಟೀನ್ ಬೇಕು. ಮೀನು, ಮೊಟ್ಟೆ, ಬೇಳೆ, ಹೆಸರುಕಾಳಿನಲ್ಲಿ ಅದು ಸಿಗುತ್ತದೆ. ಮೀನಿನ ಅಲರ್ಜಿ ಇಲ್ಲದಿದ್ದರೆ ತಾಜಾ ಮೀನಿನ ಸಾರಿನಿಂದ ಗಾಯ ಕೆಡುವುದಿಲ್ಲ. ಆಪರೇಷನ್‌ಗೆ ಮೊದಲೇ ತೂಕ ಕಡಿಮೆ ಇದ್ದ ಮಗುವಿಗೆ ಬರೀ ಗಂಜಿಯ ಪಥ್ಯದಿಂದಲೇ ತೊಂದರೆ.

ನಿಜವಾಗಿ ಎಚ್ಚರ ಬೇಕಿರುವುದು ಉಪ್ಪಿನ ಬಗ್ಗೆ. ದೇಹದಲ್ಲಿ ನೀರು ನಿಲ್ಲದಂತೆ ಮಾತ್ರೆ ಕೊಟ್ಟಿದ್ದರೆ ಒಣಮೀನು, ಉಪ್ಪಿನಕಾಯಿ, ಹಪ್ಪಳ ದೂರವಿಡಿ. ಕೆಲವೇ ಮಕ್ಕಳಿಗೆ ಆಪರೇಷನ್ ನಂತರ ಎದೆಯಲ್ಲಿ ಕೊಬ್ಬಿನಂಶದ ದ್ರವ ತುಂಬುತ್ತದೆ. ಅಂಥವರಿಗೆ ಕೆಲವು ವಾರ ಕೊಬ್ಬು ಕಡಿಮೆ ಇರುವ ಆಹಾರವನ್ನು ಡಾಕ್ಟರೇ ಹೇಳುತ್ತಾರೆ.

'ಅಶ್ವತ್ಥ ಎಲೆಯ ಕಷಾಯ ಕುಡಿದರೆ ಸಾಕು'

ಈ ಫಾರ್ವರ್ಡ್ ಹೃದಯದ 'ಬ್ಲಾಕೇಜ್' ಬಗ್ಗೆ ಹುಟ್ಟಿಕೊಂಡದ್ದು. ಅಲ್ಲಿಯೂ ಅದಕ್ಕೆ ಪುರಾವೆ ಇಲ್ಲ. ರಂಧ್ರಕ್ಕೂ ಬ್ಲಾಕೇಜ್‌ಗೂ ಸಂಬಂಧವೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಯಾವ ಕಷಾಯವನ್ನೂ ಕುಡಿಯಬಾರದು.

'ಇನ್ನು ಆಟ, ಓಟ ಬೇಡ'

ಎದೆಮೂಳೆ ಕೂಡುವವರೆಗೆ, ಡಿವೈಸ್ ಆಗಿದ್ದರೆ ಡಾಕ್ಟರ್ ಹೇಳಿದ ಕೆಲವು ವಾರಗಳವರೆಗೆ ಮಾತ್ರ ಈ ಮಾತು ಸರಿ. ಆಮೇಲೆ ರಂಧ್ರ ಪೂರ್ತಿ ಮುಚ್ಚಿ, ಶ್ವಾಸಕೋಶದ ರಕ್ತದೊತ್ತಡ ಸರಿಯಿದ್ದರೆ ಹೆಚ್ಚಿನ ಮಕ್ಕಳು ಎಲ್ಲ ಆಟ ಆಡಬಹುದು. ಅಮೆರಿಕದ ಹಿಮಕ್ರೀಡೆ ಆಟಗಾರ ಶಾನ್ ವೈಟ್ 'ಟೆಟ್ರಾಲಜಿ ಆಫ್ ಫಾಲೋ' ಎಂಬ ಜಟಿಲ ಹೃದಯದೋಷದೊಂದಿಗೆ ಹುಟ್ಟಿದವರು. ಎಳವೆಯಲ್ಲೇ ಆಪರೇಷನ್ ಆಯಿತು. ಮುಂದೆ ಅವರು 2006, 2010, 2018ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಎಲ್ಲ ಮಕ್ಕಳಿಗೂ ಇದೇ ಅಳತೆಯಲ್ಲ, ಆದರೆ 'ಆಪರೇಷನ್ ಆದವರು ಆಡಬಾರದು' ಎಂಬ ಮಾತು ನಿಜವಲ್ಲ ಎನ್ನಲು ಇದು ಸಾಕು. ಶಾಲೆಯ ಪಿಟಿ ಮೇಷ್ಟ್ರಿಗೆ ಡಾಕ್ಟರ ಚೀಟಿ ತೋರಿಸಿ, ಏನು ಮಾಡಬಹುದು ಎನ್ನುವುದನ್ನೂ ತಿಳಿಸಿ.

'ಮುಚ್ಚಿದ ಮೇಲೆ ಎಕೋ ಯಾಕೆ?'

2003ರಲ್ಲಿ ಲಾಹೋರ್-ದೆಹಲಿ ಬಸ್ಸಿನಲ್ಲಿ ಬಂದ ಎರಡೂವರೆ ವರ್ಷದ ಹುಡುಗಿಗೆ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಆಪರೇಷನ್ ಆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಇಂಥ ಸುದ್ದಿಗಳು ಮಗು ಮನೆಗೆ ಹೊರಟಲ್ಲಿಗೆ ಮುಗಿಯುತ್ತವೆ. ಆದರೆ ಮಗುವಿನ ಮುಂದೆ ಇಡೀ ಬದುಕು ಇದೆ. ಪ್ಯಾಚ್ ಅಂಚಿನಲ್ಲಿ ಸಣ್ಣ ಸೋರಿಕೆ ಉಳಿಯಬಹುದು. ವರ್ಷಗಳ ನಂತರ ಹೃದಯ ಬಡಿತದ ಲಯ ತಪ್ಪಬಹುದು. ಟೆಟ್ರಾಲಜಿ ಆದವರಿಗೆ ದೊಡ್ಡವರಾದ ಮೇಲೆ ಕವಾಟ ಬದಲಿಸಬೇಕಾಗಬಹುದು. ಇವು ಎಷ್ಟೋ ಕಾಲ ಯಾವ ಲಕ್ಷಣವನ್ನೂ ತೋರಿಸದೆ ಇರುತ್ತವೆ, ಎಕೋ ಮತ್ತು ಇಸಿಜಿಯಲ್ಲಿ ಸಿಗುತ್ತವೆ. ಸರಳ ರಂಧ್ರ ಚೆನ್ನಾಗಿ ಮುಚ್ಚಿದ್ದರೆ ಕೆಲವು ವರ್ಷಗಳಿಗೊಮ್ಮೆ ತೋರಿಸಿದರೂ ಸಾಕಾಗಬಹುದು. ಆ ಅಂತರವನ್ನು ಡಾಕ್ಟರೇ ಹೇಳಬೇಕು.

ಹಲ್ಲಿನ ಸ್ವಚ್ಛತೆಯೂ ಇದರ ಭಾಗ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೃದಯದ ಒಳಪದರಕ್ಕೆ ಸೋಂಕು ತಗುಲಿಸಬಹುದು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಆಪರೇಷನ್ ವಿಷಯ ಹೇಳಿ. ಪ್ಯಾಚ್ ಅಥವಾ ಡಿವೈಸ್ ಹಾಕಿದ ಮೊದಲ 6 ತಿಂಗಳು, ಸೋರಿಕೆ ಉಳಿದಿದ್ದರೆ ಆಮೇಲೂ, ಮುಂಚೆಯೇ ಆ್ಯಂಟಿಬಯೋಟಿಕ್ ಬೇಕಾಗುತ್ತದೆ.

'ಮದುವೆಯ ಹುಡುಗಿ, ಗುಟ್ಟಾಗಿಡಿ'

ನಮ್ಮ ದೃಷ್ಟಿಯಲ್ಲಿ ಅತಿ ಹೆಚ್ಚು ಹಾನಿ ಮಾಡುವ ಸಲಹೆ ಇದು. ಗುಟ್ಟು ಕಾಪಾಡಲು ಫೈಲ್ ಅಟ್ಟಕ್ಕೆ ಹೋಗುತ್ತದೆ, ತಪಾಸಣೆ ನಿಲ್ಲುತ್ತದೆ. ಹುಡುಗಿಗೆ ತನಗೆ ಯಾವ ಆಪರೇಷನ್ ಆಗಿತ್ತು ಎನ್ನುವುದೇ ಗೊತ್ತಿರುವುದಿಲ್ಲ. ಗರ್ಭಿಣಿಯಾದಾಗ ದೇಹದಲ್ಲಿ ರಕ್ತದ ಪ್ರಮಾಣ ಸುಮಾರು 40ರಿಂದ 50 ಶೇಕಡಾ ಹೆಚ್ಚುತ್ತದೆ. ಹೃದಯಕ್ಕೆ ಅದು ದೊಡ್ಡ ಕೆಲಸ. ಸರಳ ರಂಧ್ರ ಮುಚ್ಚಿದ ಹೆಚ್ಚಿನ ಹೆಂಗಸರು ತೊಂದರೆಯಿಲ್ಲದೆ ಹೆರುತ್ತಾರೆ. ಆದರೆ ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿದ್ದವರಿಗೆ ಗರ್ಭ ಪ್ರಾಣಕ್ಕೇ ಅಪಾಯ. ಇವರಲ್ಲಿ ತಾನು ಯಾರು ಎಂದು ಮೊದಲೇ ತಿಳಿಯಲು ಎಕೋ ಬೇಕು.

ತಾಯಿಗೆ ಇದ್ದದ್ದು ಮಗುವಿಗೂ ಬಂದೇ ಬರುತ್ತದೆಯೇ? ಇಲ್ಲ. ಸಾಮಾನ್ಯವಾಗಿ ಸುಮಾರು 1 ಶೇಕಡಾ ಇರುವ ಸಂಭವ ಇಂಥವರಲ್ಲಿ ಹೆಚ್ಚುಕಡಿಮೆ 3ರಿಂದ 5 ಶೇಕಡಾ ಇರುತ್ತದೆ. ತಂದೆಗೆ ದೋಷವಿದ್ದರೂ ಸಂಭವ ಹೆಚ್ಚುತ್ತದೆ, ಆದರೆ ಗಂಡುಮಕ್ಕಳ ವಿಷಯದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

• 100.4 ಡಿಗ್ರಿ ಅಥವಾ ಹೆಚ್ಚು ಜ್ವರ
• ಗಾಯದಲ್ಲಿ ಕೀವು, ಕೆಂಪು, ಊತ
• ಏದುಸಿರು, ತುಟಿ ನೀಲಿಯಾಗುವುದು
• ಹಾಲು ಕುಡಿಯುವಾಗ ಬೆವರುವುದು, ಕುಡಿಯದಿರುವುದು
• ಎದೆನೋವು, ತಲೆಸುತ್ತಿ ಬೀಳುವುದು, ಮುಖ ಅಥವಾ ಕಾಲು ಊದಿಕೊಳ್ಳುವುದು

ಆಪರೇಷನ್ ಆದ ಕೆಲವು ವಾರಗಳ ಮೇಲೆಯೂ ಹೃದಯದ ಸುತ್ತ ನೀರು ತುಂಬಿಕೊಳ್ಳಬಹುದು. ಆದ್ದರಿಂದ 'ಮಳೆಗಾಲದ ಜ್ವರ' ಎಂದು ಮನೆಯಲ್ಲೇ ಕಾಯಬೇಡಿ. ಸಂತೆಕಟ್ಟೆಯಿಂದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ದೂರವಿಲ್ಲ. ಆಪರೇಷನ್ ಬೆಂಗಳೂರಿನಲ್ಲಿ ಆಗಿದ್ದರೂ ತುರ್ತಿನಲ್ಲಿ ಹತ್ತಿರದ ಆಸ್ಪತ್ರೆಗೇ ಹೋಗಿ, ಫೈಲ್ ಜೊತೆಗಿರಲಿ.

ಕೊನೆಯದಾಗಿ

ಡಿಸ್ಚಾರ್ಜ್ ಚೀಟಿಯ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ. ಮಗು ದೊಡ್ಡದಾದಾಗ ಅದರ ಆಪರೇಷನ್ ಹೆಸರನ್ನು ಅದಕ್ಕೇ ಹೇಳಿಕೊಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಜನ್ಮಜಾತ ಹೃದಯದೋಷವೂ ಅದರ ಪಟ್ಟಿಯಲ್ಲಿದೆ. ಖರ್ಚಿನ ಚಿಂತೆ ಇದ್ದವರು ಮೊದಲು ಅಲ್ಲಿ ವಿಚಾರಿಸಿ. ಪಥ್ಯ, ಕಷಾಯ, ಗುಟ್ಟಿನ ಫಾರ್ವರ್ಡ್ ಬಂದರೆ ಮುಂದೆ ಕಳಿಸುವ ಮೊದಲು ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.